ನಿದ್ದೆಯ ಪರೀಕ್ಷೆಯಲ್ಲಿ ನಾಪಾಸು

ನಾನು ಜೀವನದಲ್ಲಿ ಅನೇಕ ಪರೀಕ್ಷೆಗಳಲ್ಲಿ ಫೇಲಾಗಿದ್ದೇನೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಗಣಿತ ಎಲ್ಲರಿಗೂ ಬರುವುದಿಲ್ಲ. ಆದರೆ ಮಂಚದ ಮೇಲೆ ಮಲಗಿ ನಿದ್ದೆ ಮಾಡುವುದೇ ಪರೀಕ್ಷೆ ಎಂದು ಸೊಲ್ಲಾಪುರದ ಡಾಕ್ಟರರು ಹೇಳಿದಾಗ, ಈ ವಿಷಯದಲ್ಲಿ ನನ್ನನ್ನು ಫೇಲು ಮಾಡುವ ಗಂಡಸು ಇನ್ನೂ ಹುಟ್ಟಿಲ್ಲ ಎಂದುಕೊಂಡೆ.

ಡಾಕ್ಟರರು ಹೆಂಗಸಾಗಿದ್ದರು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟಾವೆಲ್ ನೇಯುವ ಕಾರ್ಖಾನೆಯೊಂದರಲ್ಲಿ ನಾನು ರಾತ್ರಿಪಾಳಿಯ ಸೂಪರ್‌ವೈಜರ್. ಊರೆಲ್ಲ ಮಲಗಿದಾಗ ನಾನು ಎದ್ದಿರಬೇಕು, ಊರೆಲ್ಲ ಎದ್ದಾಗ ಮಲಗಬೇಕು. ಬೆಳಿಗ್ಗೆ ಮನೆಗೆ ಬಂದು, ಜೋಳದ ರೊಟ್ಟಿ ಝುಣಕ ತಿಂದು ನೆಲಕ್ಕೆ ಬೆನ್ನು ಹಚ್ಚಿದರೆ ಮುಗಿಯಿತು. ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಪಾವರ್‌ಲೂಮಿನ ಶೆಡ್ಡು ಇದೆ. ದಿನವಿಡೀ ಖಟಾಖಟ್ ಖಟಾಖಟ್. ನಮ್ಮ ಮನೆಗೆ ಬಂದ ಬೀಗರು ಮಾತಾಡಬೇಕೆಂದರೆ ಕೂಗಬೇಕು. ಅಂಥ ಮನೆಯಲ್ಲಿ ನಾನು ಹಾಡಹಗಲಿನಲ್ಲಿ ಕೂಸಿನ ಹಾಗೆ ಮಲಗುತ್ತಿದ್ದೆ. ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡು ನಿದ್ದೆ ಮಾಡಿದ್ದೇನೆ. ನನ್ನ ಸ್ವಂತ ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲು ಸ್ವಲ್ಪ ಕಣ್ಣು ಮುಚ್ಚಿದ್ದೆ ಎಂದು ನನ್ನ ಹೆಂಡತಿ ಕಲಾವತಿ ಇಂದಿಗೂ ಹೇಳುತ್ತಾಳೆ. ನಿದ್ದೆ ಎಂಬುದು ನನಗೆ ದೇವರು ಕೊಟ್ಟ ವರ ಎಂದೇ ನಾನು ತಿಳಿದಿದ್ದೆ.

ಹೀಗಿರುವಾಗ ಕಲಾವತಿಯ ಕೈ ಮುರಿಯಿತು.

ನನ್ನ ಭಾವಮೈದುನ ಅಕ್ಕಲಕೋಟದಲ್ಲಿ ಹೊಸ ಮನೆ ಕಟ್ಟಿದ್ದ. ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ಊಟ ಮಾಡಿ, ಮಧ್ಯಾಹ್ನ ನಾವಿಬ್ಬರೂ ಸ್ಕೂಟರ್ ಮೇಲೆ ಸೊಲ್ಲಾಪುರಕ್ಕೆ ಹೊರಟಿದ್ದೆವು. ರಸ್ತೆ ನೆಟ್ಟಗಿತ್ತು. ಬಿಸಿಲು ಚೆನ್ನಾಗಿತ್ತು. ಕಲಾವತಿ ಹಿಂದೆ ಕೂತು ತಮ್ಮನ ಮನೆಯ ಅಡಿಗೆಮನೆಯ ಫರಸಿ ನೆಲವನ್ನು ಹೊಗಳುತ್ತಿದ್ದಳು. ಆಮೇಲೆ ನನ್ನ ಸುತ್ತ ಎತ್ತರವಾದ ಜೋಳದ ಬೆಳೆ ನಿಂತಿತ್ತು. ಸ್ಕೂಟರ್ ನನ್ನ ಮೇಲಿತ್ತು. ಕಲಾವತಿ ಬದುವಿನ ಆಚೆ ಬಿದ್ದು ಎಡಗೈ ಹಿಡಿದುಕೊಂಡು ಅಳುತ್ತಿದ್ದಳು.

ನಡುವೆ ಏನಾಯಿತು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಏನೂ ಆಗಿಲ್ಲ ಎಂದೇ ನಾನು ವಾದಿಸಿದೆ.

"ನೀವು ಮಲಗಿದ್ರಿ," ಎಂದಳು ಕಲಾವತಿ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ.

"ಮಲಗಿದ್ರ ನನಗ ಗೊತ್ತಾಗತಿದ್ದಿಲ್ಲೇನ? ನಿದ್ದಿ ನನ್ನದು!"

"ಮತ್ತ ಸ್ಕೂಟರ್ ಹೊಲದಾಗ ಯಾಕ ಹೋತ್ರಿ? ಜೋಳ ತರಾಕ?"

"ಹ್ಯಾಂಡಲ್ ಎಳೀತು."

"ಹ್ಯಾಂಡಲ್ ಎಳೀಲಿಲ್ಲರಿ. ನೀವು ಗೊರಕಿ ಹೊಡದ್ರಿ. ನಾ ಹಿಂದ ಕೂತು ನನ್ನ ಕಿವಿಲೆ ಕೇಳೀನಿ. ಇನ್ನ ಡಾಕ್ಟರ್ ಹೇಳೂತನಕ ನಾ ನಿಮ್ಮ ಹಿಂದ ಕೂಡಂಗಿಲ್ಲ."

ಆ ಸುದ್ದಿ ಕಾರ್ಖಾನೆಯ ಮಾಲಕರ ಕಿವಿಗೂ ಹೋಯಿತು. ಅವರು ನನ್ನನ್ನು ಕರೆಸಿ ಬಹಳ ಮೆತ್ತಗೆ ಮಾತಾಡಿದರು. ಅವರು ಮೆತ್ತಗೆ ಮಾತಾಡಿದರೆ ನಮಗೆ ಭಯ.

"ಶರಣಪ್ಪಾ, ಹೊಲದಾಗ ಬಿದ್ರಿ, ಬದಕಿದ್ರಿ. ನಾಳಿ ಮಷಿನ್ ಮ್ಯಾಲ ಬಿದ್ರ? ನಿಮ್ಮ ಕೈಕೆಳಗ ಹುಡುಗುರು ಕೆಲಸ ಮಾಡತಾವ. ಕೆಲಸಕ್ಕ ಅಡ್ಡಿಯಿಲ್ಲಂತ ಡಾಕ್ಟರ್ ಕಡಿಂದ ಲೇಖಿ ಬರಸಗೊಂಡ ಬರ್ರಿ. ಅಲ್ಲೀತನಕ ಪಾಳಿಗೆ ಬರಬ್ಯಾಡ್ರಿ."

ಹೀಗೆ ನನ್ನ ನೌಕರಿಯೂ, ನನ್ನ ಹಿಂದಿನ ಸೀಟೂ ಒಂದೇ ವಾರದಲ್ಲಿ ಖಾಲಿಯಾದವು.

ಡಾಕ್ಟರ್ ಮೇಡಂ ಚಿಕ್ಕ ವಯಸ್ಸಿನವರು. ನನ್ನನ್ನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕಲಾವತಿಯನ್ನು ಕೇಳಿದರು. ಕಾಕಾ, ಎಂದರೆ ನಾನು, ಗೊರಕೆ ಹೊಡೆಯುತ್ತಾರೆಯೇ ಎಂದಾಗ ಅವಳು ಹೇಳಿದ ಮಾತು ನನಗೆ ಆಗ ಹಿಡಿಸಲಿಲ್ಲ.

"ಹೊಡೀತಾರ್ರಿ. ಗೊರಕಿಗೆ ನಾ ಅಂಜಂಗಿಲ್ಲ. ಗೊರಕಿ ನಿಂತ್ರ ಅಂಜತೀನಿ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ನಿಂತ್ರ?"

"ನಿಂತಬಿಡತದರಿ. ಉಸಿರ ಇರಂಗಿಲ್ಲ. ನಾ ಎದ್ದ ನೋಡತೀನಿ. ಆಮ್ಯಾಲ ಒಮ್ಮಿಗೇ ಹುಂಕ್ ಅಂತಾರ, ಮತ್ತ ಚಾಲೂ."

ಆಗ ಮೇಡಂ ನನ್ನ ಕಡೆ ಮೊದಲ ಸಲ ಪೂರ್ತಿ ತಿರುಗಿ, ನಿದ್ದೆಯ ತಪಾಸಣೆ ಮಾಡಬೇಕೆಂದರು. ತಲೆಗೆ, ಎದೆಗೆ, ಕಾಲಿಗೆ ವೈರು ಹಚ್ಚಿ ಮಲಗಿಸುತ್ತಾರೆ. ನಿದ್ದೆ ಎಷ್ಟು ಆಳಕ್ಕೆ ಇಳಿಯಿತು, ಎಲ್ಲಿ ಮೇಲಕ್ಕೆ ಬಂತು, ಮೆದುಳು ಯಾವಾಗ ಎಚ್ಚರಗೊಂಡಿತು ಎಂಬುದನ್ನೆಲ್ಲ ಯಂತ್ರ ಗೆರೆ ಎಳೆದು ತೋರಿಸುತ್ತದೆ. ನಾನು ಹಗಲು ಮಲಗುವ ಮನುಷ್ಯನಾದ್ದರಿಂದ ತಪಾಸಣೆಯೂ ಹಗಲೇ. ತಲೆಗೆ ಎಣ್ಣೆ ಹಚ್ಚಬಾರದು, ಚಹಾ ಕುಡಿಯಬಾರದು. ಇಷ್ಟೇ ನಿಯಮ.

ಪರೀಕ್ಷೆಯ ದಿನ ನಾನು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿದೆ.

"ಎಣ್ಣಿ ಬ್ಯಾಡ ಅಂದಾರಲ್ಲರಿ!" ಎಂದು ಕಲಾವತಿ ಕೂಗಿದಳು.

"ಅದು ಹೆಚ್ಚಿಗಿ ಹಚ್ಚಬ್ಯಾಡ ಅಂತ. ಒಣಾ ತಲಿ ತಗೊಂಡು ದವಾಖಾನಿಗೆ ಹೋದ್ರ ಮಂದಿ ಏನಂತಾರ?"

ಮಂದಿ ಏನೂ ಅನ್ನಲಿಲ್ಲ. ವೈರು ಹಚ್ಚುವ ಹುಡುಗಿ ಪೂಜಾ ಮಾತ್ರ ಅಂದಳು. ಅವಳು ನನ್ನ ನೆತ್ತಿಗೆ ಬಿಳಿ ಅಂಟು ಹಚ್ಚಿ ವೈರು ಒತ್ತಿದಳು. ವೈರು ಜಾರಿ ಕಿವಿಗೆ ಬಂತು. ಮತ್ತೆ ಒತ್ತಿದಳು. ಕುತ್ತಿಗೆಗೆ ಬಂತು. "ಅಯ್ಯ ಕಾಕಾ, ಇದು ತಲಿ ಏನು ಎಣ್ಣಿ ಡಬ್ಬಿ?" ಎಂದು ನನ್ನನ್ನು ವಾಶ್‌ಬೇಸಿನ್ನಿಗೆ ಬಗ್ಗಿಸಿ, ಶಾಂಪೂ ಸುರಿದು, ಎಮ್ಮೆ ಮೈ ತಿಕ್ಕಿದ ಹಾಗೆ ತಿಕ್ಕಿದಳು. ಇಸ್ತ್ರಿ ಅಂಗಿ ಒದ್ದೆಯಾಯಿತು. ಕಲಾವತಿ ಕುರ್ಚಿಯಲ್ಲಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಕೊನೆಗೆ ತಲೆ ತುಂಬ ವೈರು, ಕಣ್ಣಿನ ಪಕ್ಕ ವೈರು, ಗದ್ದಕ್ಕೆ ವೈರು, ಎದೆಗೆ ಪಟ್ಟಿ, ಮೂಗಿನಲ್ಲಿ ನಳಿಗೆ, ಬೆರಳಿಗೆ ಚಿಮಟ. ಕನ್ನಡಿಯಲ್ಲಿ ನೋಡಿಕೊಂಡೆ. ನಮ್ಮ ಕಾರ್ಖಾನೆಯ ಕರೆಂಟಿನ ಡಬ್ಬಿಗೂ ಇಷ್ಟು ವೈರಿಲ್ಲ! ಪೂಜಾ ದೀಪ ಆರಿಸಿ, ಪರದೆ ಎಳೆದು, ಪಕ್ಕದ ಕೋಣೆಗೆ ಹೋದಳು. ಅಲ್ಲಿಂದ ಅವಳು ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಾಳೆ, ಮೈಕಿನಲ್ಲಿ ಕೇಳುತ್ತಾಳೆ. ಮನೆಯವರೊಬ್ಬರು ಜೊತೆಗಿರಬಹುದು ಎಂದಿದ್ದರಿಂದ ಕಲಾವತಿ ಕುರ್ಚಿಯಲ್ಲೇ ಉಳಿದಳು.

ಹಾಸಿಗೆ ಮೆತ್ತಗಿತ್ತು. ಕೋಣೆ ತಂಪಾಗಿತ್ತು. ಒಂದೂ ಸಪ್ಪಳವಿರಲಿಲ್ಲ.

ನನಗೆ ನಿದ್ದೆ ಬರಲಿಲ್ಲ!

ಮೊದಲು ನಾನು ಅದನ್ನು ನಂಬಲಿಲ್ಲ. ಬಲಕ್ಕೆ ಹೊರಳಿದೆ. ಎಡಕ್ಕೆ ಹೊರಳಿದೆ. ನನ್ನ ಎದೆ ಬಡಿಯುವುದು ನನಗೆ ಕೇಳುತ್ತಿತ್ತು. ನನಗೆ ಎದೆ ಇದೆ ಎಂಬುದೇ ಅಷ್ಟು ದಿನ ಕೇಳಿರಲಿಲ್ಲ. ಕಲಾವತಿಯ ಒಂದು ಕೈಯ ಬಳೆ ಕಿಣ್ ಎಂದರೂ ಮೈ ಜುಮ್ಮೆನ್ನುತ್ತಿತ್ತು. ನಿದ್ದೆ ಬರದಿದ್ದರೆ ತಪಾಸಣೆ ಇಲ್ಲ, ತಪಾಸಣೆ ಇಲ್ಲದಿದ್ದರೆ ಲೇಖಿ ಇಲ್ಲ, ಲೇಖಿ ಇಲ್ಲದಿದ್ದರೆ ನೌಕರಿ ಇಲ್ಲ. ಹೀಗೆ ಯೋಚಿಸಿದಷ್ಟೂ ಕಣ್ಣು ಗಾಜಿನಂತೆ ತೆರೆದುಕೊಂಡಿತು.

ಆಗ ನನಗೊಂದು ಉಪಾಯ ಹೊಳೆಯಿತು. ಕಣ್ಣು ಮುಚ್ಚಿದೆ. ಬಾಯಿ ಸ್ವಲ್ಪ ತೆರೆದೆ. ಗಂಭೀರವಾದ, ಮರ್ಯಾದಸ್ಥನಿಗೆ ಒಪ್ಪುವಂಥ ಗೊರಕೆಯನ್ನು ನಿಧಾನವಾಗಿ ಆರಂಭಿಸಿದೆ. ಒಂದು ಏರು, ಒಂದು ಇಳಿತ, ನಡುವೆ ಒಂದು ಸಣ್ಣ ಸೀಟಿ. ಅಷ್ಟರಲ್ಲಿ ಗೋಡೆಯ ಮೇಲಿನ ಸ್ಪೀಕರಿನಿಂದ ಪೂಜಾಳ ದನಿ ಬಂತು.

"ಕಾಕಾ, ಗೊರಕಿ ಹೊಡೀಬ್ಯಾಡ್ರಿ. ನೀವು ಎಚ್ಚರ ಅದೀರಿ."

ನಾನು ಉತ್ತರ ಕೊಡಲಿಲ್ಲ. ಮಲಗಿದವನು ಹೇಗೆ ಉತ್ತರ ಕೊಡಬೇಕು? ಇನ್ನೂ ಜೋರಾಗಿ ಹೊಡೆದೆ.

"ಕಾಕಾ, ನನಗ ಇಲ್ಲಿ ಕಾಣಸ್ತದರಿ. ನಿಮ್ಮ ತಲಿ ಇನ್ನೂ ಚಾಲೂ ಅದ. ಬಾಯಿ ಒಂದ ಮಲಗೇದ."

ಕಲಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ನಗುತ್ತಿದ್ದಳು ಎಂಬುದರಲ್ಲಿ ಸಂಶಯವಿರಲಿಲ್ಲ. ಅಪಮಾನದಿಂದ ನಾನು ಥಟ್ಟನೆ ಎದ್ದು ಕೂತೆ. ತಲೆಯ ನಾಲ್ಕಾರು ವೈರು ಕಿತ್ತು ಬಂದವು. ಪಕ್ಕದ ಕೋಣೆಯಲ್ಲಿ ಯಂತ್ರ ಚೀರಿತು. ಪೂಜಾ ಓಡಿ ಬಂದಳು. ಮತ್ತೆ ಅಂಟು, ಮತ್ತೆ ವೈರು, ಮತ್ತೆ ಕತ್ತಲೆ. ನಿದ್ದೆ ಮಾತ್ರ ಇಲ್ಲ.

ಆಗ ಕಲಾವತಿ ಕುರ್ಚಿಯಿಂದಲೇ ಹೇಳಿದಳು, "ಪೂಜಾ, ಇವರಿಗಿ ಇಲ್ಲಿ ನಿದ್ದಿ ಬರಂಗಿಲ್ಲವಾ. ಇಲ್ಲಿ ಗಪ್‌ಚಿಪ್ ಅದ. ಇವರಿಗಿ ಮಗ್ಗದ ಸಪ್ಪಳ ಬೇಕು."

ಪೂಜಾ ಅಂಥ ನಿಯಮವಿಲ್ಲ ಎಂದಳು. ಮೇಡಂ ಅವರನ್ನು ಕೇಳಿದಳು. ಮನೆಯಲ್ಲಿ ಹೇಗೆ ಮಲಗುತ್ತಾರೋ ಹಾಗೆಯೇ ಮಲಗಲಿ ಎಂದು ಮೇಡಂ ಒಪ್ಪಿದರಂತೆ. ಕಲಾವತಿ ನಮ್ಮ ನೆರೆಮನೆಯ ವಿಮಲಕ್ಕನಿಗೆ ಫೋನು ಹಚ್ಚಿದಳು.

"ವಿಮಲಕ್ಕಾ, ನಿನ್ನ ಫೋನು ಶೆಡ್ಡಿನ ಕಡಿ ಖಿಡಕ್ಯಾಗ ಇಡು. ಬಂದ್ ಮಾಡಬ್ಯಾಡ. ಇವರ ನಿದ್ದಿ ತಪಾಸಣಿ ನಡದದ."

"ಏನು? ಕೇಳಸವಲ್ದು!"

"ಅದನ್ನ ಕೇಳಸಬೇಕವಾ, ಮಗ್ಗ!"

ಸ್ವಲ್ಪ ಹೊತ್ತಿಗೆ ತಲೆದಿಂಬಿನ ಪಕ್ಕದ ಫೋನಿನಿಂದ ಖಟಾಖಟ್ ಖಟಾಖಟ್ ಬರತೊಡಗಿತು. ಅದನ್ನು ಕೇಳಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ವಿಮಲಕ್ಕ ಕಾಯಿಪಲ್ಯ ಮಾರುವವನ ಜೊತೆ ಮೆಂತ್ಯದ ಸೂಡಿಗಾಗಿ ಕಿಟಕಿಯಲ್ಲೇ ನಿಂತು ಜಗಳವಾಡಿದಳಂತೆ. ಇಡೀ ಜಗಳ ನನ್ನ ಕಿವಿಯ ಪಕ್ಕದಲ್ಲೇ ನಡೆದರೂ ನಾನು ಅಲುಗಾಡಲಿಲ್ಲವಂತೆ.

ಆಮೇಲೆ ಒಮ್ಮೆಗೇ ನಾನು ಧಡಕ್ಕನೆ ಎದ್ದು, "ಏನಾತು? ಏನಾತು?" ಎಂದು ಒದರಿದೆ. ಪೂಜಾ ಗಾಬರಿಯಾಗಿ ಒಳಗೆ ಬಂದಳು.

"ಏನೂ ಆಗಿಲ್ಲಲ್ಲ ಕಾಕಾ! ಎಲ್ಲಾ ಶಾಂತ ಅದ."

"ಅದಕ್ಕ ಎಚ್ಚರಾತು!"

ನಮ್ಮ ಓಣಿಯಲ್ಲಿ ಕರೆಂಟು ಹೋಗಿ ಮಗ್ಗ ನಿಂತಿತ್ತು. ಕರೆಂಟು ಬರುವವರೆಗೆ ವೈರು ಕಟ್ಟಿಸಿಕೊಂಡು, ಹರಕೆ ಹೊತ್ತವನಂತೆ ಮಂಚದ ಮೇಲೆ ಕೂತೆ. ಬಂದ ಮೇಲೆ ಮತ್ತೆ ಮಲಗಿದೆ. ಬಿಸಿಲು ಇಳಿಯುವ ಹೊತ್ತಿಗೆ ಪೂಜಾ ನನ್ನನ್ನು ಎಬ್ಬಿಸಿ ವೈರು ಬಿಚ್ಚಿದಳು. "ಹ್ಯಾಂಗಿತ್ತು ನನ್ನ ನಿದ್ದಿ? ಫಸ್ಟ್ ಕ್ಲಾಸ್ ಹೌದಲ್ಲ?" ಎಂದು ಕೇಳಿದೆ. ಅವಳು ನನ್ನ ಕಡೆ ನೋಡದೆ, "ಮೇಡಂ ಹೇಳತಾರ್ರಿ," ಎಂದಳು.

ಮುಂದಿನ ವಾರ ಮೇಡಂ ತಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಬಾವಿಯ ಮೆಟ್ಟಿಲುಗಳಂತೆ ಗೆರೆಗಳಿದ್ದವು.

"ಕಾಕಾ, ಮನುಷ್ಯ ಮಲಗಿದ ಮ್ಯಾಲ ಹಿಂಗ ಒಂದೊಂದ ಮೆಟ್ಟಲಾ ಇಳೀಬೇಕು. ತಳದಾಗ ಹೋಗಿ ಒಂದಿಷ್ಟ ಹೊತ್ತು ಇರಬೇಕು. ನೀವು ಎರಡ ಮೆಟ್ಟಲಾ ಇಳೀತೀರಿ, ಗಂಟಲಾ ಮುಚ್ಚಕೋತದ, ಉಸಿರು ನಿಂದರ್ತದ. ಆವಾಗ ಮೆದುಳು ಘಾಬರಿ ಆಗಿ ನಿಮ್ಮನ್ನ ಮ್ಯಾಲ ಎಳೀತದ. ಕಣ್ಣ ಮಿಟಕಿಸೂದರಾಗ ಎಚ್ಚರ, ಮತ್ತ ನಿದ್ದಿ. ಮತ್ತ ಎಚ್ಚರ. ಇದ ನಡದದ ಪೂರಾ ಹೊತ್ತು. ನೀವು ತಳ ಮುಟ್ಟೇ ಇಲ್ಲ."

"ನಾ ಎಚ್ಚರ ಆಗೇ ಇಲ್ಲರಿ," ಎಂದೆ. "ಕರೆಂಟ್ ಹೋದಾಗ ಒಂದ ಸಲ, ಅಷ್ಟ."

"ಅಷ್ಟ ನಿಮಗ ಗೊತ್ತದ."

"ನನ್ನ ಎಚ್ಚರ ನನಗ ಗೊತ್ತಿಲ್ಲದ ಹ್ಯಾಂಗ ಆಗತದರಿ?"

ಮೇಡಂ ಕಲಾವತಿಯ ಕಡೆ ತಿರುಗಿದರು. "ಕಾಕೂ, ಅವತ್ತು ನೀವು ಕುರ್ಚ್ಯಾಗ ಎಚ್ಚರ ಇದ್ರೇನ್ರಿ?"

"ಇಲ್ಲರಿ. ಮಗ್ಗ ಚಾಲೂ ಆದಮ್ಯಾಲ ನಾನೂ ಮಲಗೇಬಿಟ್ಟೆ. ಪೂಜಾ ನೋಡಾಕತ್ಯಾಳಲ್ಲ, ನನಗ ಯಾತರ ಕಾಳಜಿ ಅಂತ."

"ಇದನ್ನ ಕೇಳ್ರಿ," ಎಂದು ಮೇಡಂ ಒಂದು ಗುಂಡಿ ಒತ್ತಿದರು.

ಖಟಾಖಟ್ ಸದ್ದಿನ ನಡುವೆ ಗೊರಕೆ ಕೇಳಿಸಿತು. ಅದು ನನ್ನದು. ಅಂಥ ವಿಕಾರ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ. ಗೊರಕೆ ಏರುತ್ತ ಏರುತ್ತ ನಿಂತುಬಿಟ್ಟಿತು. ಮಗ್ಗದ ಸದ್ದು ಮಾತ್ರ ಉಳಿಯಿತು. ಕಾದೆ. ಬರಲಿಲ್ಲ. ಅಲ್ಲಿ ಮಲಗಿದ್ದವನು ನಾನೇ, ಇಲ್ಲಿ ಜೀವಂತ ಕೂತು ಕೇಳುತ್ತಿದ್ದವನೂ ನಾನೇ. ಆದರೂ ಒಮ್ಮೆ ಜೋರಾಗಿ ಉಸಿರೆಳೆದು ನೋಡಿಕೊಂಡೆ. ಆಗ ಒಂದು ಸಣ್ಣ ದನಿ ಬಂತು.

"ರೀ..."

ಹುಂಕ್ ಎಂದು ಉಸಿರು ತೆಗೆದುಕೊಂಡ ಸದ್ದು. ಮತ್ತೆ ಗೊರಕೆ. ಮತ್ತೆ ನಿಂತಿತು. ಮತ್ತೆ ಅದೇ ದನಿ, "ರೀ..." ಮತ್ತೆ ಹುಂಕ್.

ಮೇಡಂ ವಿಡಿಯೋ ತೋರಿಸಿದರು. ಮಬ್ಬು ಕೋಣೆ. ಕಲಾವತಿ ಗೋಡೆಗೆ ತಲೆ ಆನಿಸಿ, ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಗಾಢವಾಗಿ ಮಲಗಿದ್ದಾಳೆ. ಕಣ್ಣು ಮುಚ್ಚಿದೆ. ನನ್ನ ಉಸಿರು ನಿಂತಾಗಲೆಲ್ಲ ಅವಳ ತುಟಿಗಳು ಅಲುಗಾಡುತ್ತಿವೆ.

"ಕೆಲವು ಎಚ್ಚರ ಗಂಟಲಿಂದ ಬಂದಾವ, ಕೆಲವು ಕಾಕೂ ಅವರಿಂದ ಬಂದಾವ," ಎಂದರು ಮೇಡಂ. "ಬ್ಯಾರೆ ಬ್ಯಾರೆ ಮಾಡೂದರಾಗ ನಮಗ ಸಾಕಾತು. ಇವರಿಗೂ ವೈರು ಹಚ್ಚಬೇಕಿತ್ತು."

ಕಲಾವತಿ ಪರದೆಯ ಮೇಲಿನ ತನ್ನನ್ನೇ ನೋಡುತ್ತ, "ಇದು ನನಗ ಗೊತ್ತೇ ಇಲ್ಲರಿ," ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಎಷ್ಟು ವರ್ಷಗಳಿಂದ ಹೀಗೆ ಕರೆಯುತ್ತಿದ್ದಳೋ! ನಾನು ಜಂಬದಿಂದ ಮಲಗಿದ್ದ ಆ ಎಲ್ಲ ಹಗಲುಗಳಲ್ಲಿ ಅವಳು ಮಧ್ಯಾಹ್ನ ಪಕ್ಕದಲ್ಲಿ ಸ್ವಲ್ಪ ಅಡ್ಡಾಗುತ್ತಿದ್ದಳು. ಅದನ್ನು ನಾನು ಅವಳ ವಿಶ್ರಾಂತಿ ಎಂದುಕೊಂಡಿದ್ದೆ.

"ಅಂದ್ರ ಅವತ್ತು ಜೋಳದ ಹೊಲಕ್ಕ ಹೋದಾಗ..." ಎಂದು ನಾನು ಶುರು ಮಾಡಿ ನಿಲ್ಲಿಸಿದೆ.

ಅವಳು ಪ್ಲಾಸ್ಟರಿನ ಕೈಯ ಮೇಲೆ ಸೆರಗು ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಗಾಳಿ ಊದುವ ಯಂತ್ರವೊಂದನ್ನು ಕೊಟ್ಟರು. ಅದರ ಕೊಳವೆ ಒಂದು ಮುಖವಾಡಕ್ಕೆ, ಮುಖವಾಡ ನನ್ನ ಮೂಗಿಗೆ. ಗಂಟಲು ಮುಚ್ಚದಂತೆ ಗಾಳಿ ತಡೆಯುತ್ತದೆ. ಕೆಲವು ವಾರ ಇದನ್ನು ಹಾಕಿಕೊಂಡು ಮಲಗಿ ಬಂದರೆ, ಯಂತ್ರದ ವರದಿ ನೋಡಿ ಲೇಖಿ ಕೊಡುವುದಾಗಿ ಮೇಡಂ ಹೇಳಿದರು. ಪಾಳಿ ಇರಲಿಲ್ಲವಾದ್ದರಿಂದ ನಾನು ಎಲ್ಲರಂತೆ ರಾತ್ರಿಯೇ ಮಲಗತೊಡಗಿದೆ. ಮೊದಲ ದಿನ ಮೂಗಿನಿಂದ ಹೋದ ಗಾಳಿ ಬಾಯಿಂದ ಬುಸ್ಸೆಂದು ಹೊರಬಂತು. ಮಾತಾಡಲು ಹೋದರೆ ಸೈಕಲ್ ಟ್ಯೂಬಿಗೆ ರಂಧ್ರ ಬಿದ್ದ ಸದ್ದು! ಬೈದು ಕಿತ್ತೊಗೆದೆ. ಕಲಾವತಿ ಎತ್ತಿ ತಂದು ಒಂದೇ ಕೈಯಿಂದ ಮತ್ತೆ ಕಟ್ಟಿದಳು. ಮುಖವಾಡ ಸರಿಯಾಗಿ ಕೂತ ದಿನ ಅವಳೇ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

"ಏನಾತ?"

"ಗೊರಕಿ ಬರವಲ್ದು. ಅಂಜಿದೆ. ಮಲಗ್ರಿ, ಮಲಗ್ರಿ."

ಹೀಗೆ ಹಲವು ದಿನ ನಡೆಯಿತು. ಆಮೇಲೆ ಅವಳು ಎಬ್ಬಿಸುವುದು ಕಡಿಮೆಯಾಯಿತು. ಅವಳ ಪ್ಲಾಸ್ಟರ್ ಬಿಚ್ಚಿದರು. ನನ್ನ ತಲೆಯೊಳಗಿನ ಮಂಜು ಸರಿದಂತಾಯಿತು. ಮೇಡಂ ಲೇಖಿ ಕೊಟ್ಟರು. ಕೆಲಸದ ಹೊತ್ತಿನಲ್ಲಿ ಈ ಮನುಷ್ಯನಿಗೆ ಇನ್ನು ತೂಕಡಿಕೆಯ ಭಯವಿಲ್ಲ ಎಂಬುದು ಅದರ ಸಾರಾಂಶ. ಅದನ್ನು ದೇವರ ಫೋಟೋದ ಮುಂದಿಟ್ಟು ಊದುಬತ್ತಿ ಬೆಳಗಿದೆ. ಮಾಲಕರಿಗೆ ಫೋನು ಮಾಡಿ, ಇವತ್ತೇ ರಾತ್ರಿ ಪಾಳಿಗೆ ಬರುತ್ತೇನೆ ಎಂದು ಎದೆ ಸೆಟೆಸಿ ಹೇಳಿದೆ.

ಸಂಜೆ ಊಟವಾದ ಮೇಲೆ, ಪಾಳಿಗೆ ಹೋಗುವ ಮೊದಲು ಸ್ವಲ್ಪ ಅಡ್ಡಾಗೋಣ ಎಂದು ಮುಖವಾಡ ಕಟ್ಟಿಕೊಂಡೆ. "ನಾ ಎಬ್ಬಸತೀನಿ, ಆರಾಮ ಮಲಗ್ರಿ," ಎಂದು ಕಲಾವತಿ ಪಕ್ಕದಲ್ಲಿ ಕೂತಳು.

ನಾನು ಕಣ್ಣು ತೆರೆದಾಗ ಕಿಟಕಿಯಲ್ಲಿ ಬೆಳಕಿತ್ತು. ಇನ್ನೂ ಸಂಜೆಯೇ ಇದೆ ಎಂದು ಸಂತೋಷವಾಯಿತು. ಆಮೇಲೆ ಓಣಿಯಲ್ಲಿ ಹಾಲಿನವನ ಗಂಟೆ ಕೇಳಿಸಿತು. ಅವನು ಬರುವುದು ಬೆಳಿಗ್ಗೆ!

ಪಕ್ಕದಲ್ಲಿ ಕಲಾವತಿ ಬಾಯಿ ತೆರೆದು ಮಲಗಿದ್ದಳು. ಅವಳ ತುಟಿ ಅಲುಗಾಡುತ್ತಿರಲಿಲ್ಲ. ಕರೆಯುವಂಥದ್ದು ಏನೂ ಆಗದೆ ಇದ್ದುದರಿಂದ ಅವಳೂ ಬಾವಿಯ ತಳಕ್ಕೆ ಇಳಿದುಬಿಟ್ಟಿದ್ದಳು. ನಾನು ಸದ್ದಿಲ್ಲದೆ ಅಂಗಿ ಹಾಕಿಕೊಂಡು, ಸಿಕ್ಕ ರಿಕ್ಷಾ ಹಿಡಿದು ಕಾರ್ಖಾನೆಗೆ ಓಡಿದೆ.

ಮಾಲಕರು ಗೇಟಿನಲ್ಲೇ ಇದ್ದರು.

"ಶರಣಪ್ಪಾ, ರಾತ್ರಿ ಎಲ್ಲಿದ್ರಿ?"

ನಾನು ಲೇಖಿ ಮುಂದೆ ಹಿಡಿದೆ. ಅವರು ಲೇಖಿ ಓದಿದರು. ನನ್ನ ಗಲ್ಲದ ಮೇಲೆ ಮೂಡಿದ್ದ ಮುಖವಾಡದ ಪಟ್ಟಿಯ ಗುರುತು ನೋಡಿದರು. ಮತ್ತೆ ಲೇಖಿ ಓದಿದರು.

"ಪಾಳಿ ಮ್ಯಾಲ ಇವರಿಗಿ ನಿದ್ದಿ ಬರಂಗಿಲ್ಲ ಅಂತ ಬರದಾರ."

"ಬರೋಬ್ಬರ್ ಅದರಿ ಮಾಲಕ. ಪಾಳಿ ಮ್ಯಾಲ ನಿದ್ದಿ ಬರಲಿಲ್ಲ. ಪಾಳಿಗೆ ನಾನ ಬರಲಿಲ್ಲ."

ಅವರು ಲೇಖಿಯನ್ನು ಮಡಚಿ ನನ್ನ ಕೈಗಿಟ್ಟು, ಬಹಳ ಮೆತ್ತಗೆ ಹೇಳಿದರು. "ಮೊದಲ ನನ್ನ ಪಗಾರದಾಗ ಮಲಗತಿದ್ರಿ. ಈಗ ನಿಮ್ಮ ಸ್ವಂತ ಖರ್ಚಿನಾಗ ಮಲಗಾಕತ್ತೀರಿ. ಸುಧಾರಣಾ ಭಾಳ ಆಗೇದ. ನಾಳಿಯಿಂದ ಹಗಲಪಾಳಿಗೆ ಬರ್ರಿ."

ಈ ಸಂಗತಿಯನ್ನು ಬಡ್ತಿ ಎಂದು ಹೇಳುವುದೋ, ಶಿಕ್ಷೆ ಎಂದು ಹೇಳುವುದೋ ಎಂದು ಯೋಚಿಸುತ್ತ ಮನೆಗೆ ಬಂದೆ. ಕಲಾವತಿ ಇನ್ನೂ ಮಲಗಿದ್ದಳು. ಅವಳನ್ನು ಎಬ್ಬಿಸುವ ಧೈರ್ಯವಾಗಲಿಲ್ಲ. ಬಾಗಿಲು ಮುಂದೆ ಮಾಡಿ, ಅಡಿಗೆಮನೆಗೆ ಹೋಗಿ, ಬಹಳ ವರ್ಷಗಳ ಮೇಲೆ ನಾನೇ ಚಹಾ ಮಾಡಿದೆ. ಅವಳು ಎದ್ದ ಕೂಡಲೆ ಕೈಗೆ ಕಪ್ಪು ಕೊಟ್ಟು, ಎದುರಿಗೆ ಕೂತು, ಹೊಗಳಿಕೆಗಾಗಿ ಕಾದೆ.

ಕಲಾವತಿ ಒಂದು ಗುಟುಕು ಕುಡಿದು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ರೀ, ನೀವು ಎಚ್ಚರ ಅದೀರಿಲ್ಲ?"

ಪೂರ್ತಿ ಎಚ್ಚರವಾಗಿದ್ದೆ. ಡಾಕ್ಟರರೇ ಬರೆದುಕೊಟ್ಟಿದ್ದರು. ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದ್ದೆ.